ವೀರ್ಯಾಣುಗಳಿಗೊಂದು ಉಪವಾಸ

ಮಕ್ಕಳಾಗಲೆಂದು ಬರುವವರು ಕಣ್ಣೀರು ಹಾಕುತ್ತಲೇ ಬರುತ್ತಾರೆ, ನಿಜ. ಆದರೂ ಚಿಕ್ಕೋಡಿಯ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನಗು ಬಾರದ ವಾರವೇ ಇಲ್ಲ. ಅಂಡಾಣು ವೀರ್ಯಾಣುಗಳನ್ನು ಸೇರಿಸುವುದು ನನ್ನ ಕೆಲಸ. ಅವು ಹೇಳಿದ ಮಾತು ಕೇಳುತ್ತವೆ, ಅವುಗಳ ಮಾಲೀಕರು ಕೇಳುವುದಿಲ್ಲ.

ಐಗಳಿ ಕಡೆಯ ಒಂದು ಜೈನ ಕುಟುಂಬವನ್ನಂತೂ ಮರೆಯಲಾರೆ. ದ್ರಾಕ್ಷಿ ಬೆಳೆಯುವ ಮಗ, ಬಾಯಿ ಬಿಡದ ಸೊಸೆ, ಬಾಯಿ ಮುಚ್ಚದ ಅತ್ತೆ. ಈ ಸಲ ಆಗದಿದ್ದರೆ ಮಗನಿಗೆ ಬೇರೆ ಹೆಣ್ಣು ನೋಡು ಎಂದು ಅತ್ತೆ ನಿಪ್ಪಾಣಿಯ ತಂಗಿಗೆ ಹೇಳಿಟ್ಟಿದ್ದರು. ಅದನ್ನು ಸೊಸೆಯ ಎದುರಿಗೇ ನನಗೂ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

೧. ಎಕ್ಸ್‌ಪೋರ್ಟ್ ಮಾಲು

ತಪಾಸಣೆಯಲ್ಲಿ ಸೊಸೆಯದೆಲ್ಲ ಸರಿಯಿತ್ತು. ಕೊರತೆ ಇದ್ದದ್ದು ಮಗನಲ್ಲಿ. ವೀರ್ಯಾಣು ಕಡಿಮೆ, ಇದ್ದವೂ ಸೋಮಾರಿ. ಅವನನ್ನು ಕೂರಿಸಿ ಪರದೆಯ ಮೇಲೆ ತೋರಿಸಿದೆ. ಬಹಳ ಹೊತ್ತು ನೋಡಿದ.

"ಮೇಡಮ್, ದ್ರಾಕ್ಷಿ ಕಾಳ ದಪ್ಪ ಆಗಾಕ ಗೊನಿ ಔಷಧದಾಗ ಅದ್ದತೀವ್ರಿ. ಇವನ್ನೂ ಅದ್ದಾಕ ಬರತೈತೇನ್ರಿ?"

"ಅದ್ದೂದಿಲ್ರಿ. ತೊಳದು, ಚುರುಕ ಓಡೂವಷ್ಟ ಆರಿಸಿ ತಗೋತೀವಿ."

ಅವನ ಮುಖ ಅರಳಿತು. ತೊಳೆದು ಆರಿಸುವುದು ಅವನಿಗೂ ಗೊತ್ತಿದ್ದ ಕೆಲಸ. ಕುರ್ಚಿ ಮುಂದಕ್ಕೆ ಎಳೆದುಕೊಂಡು ವ್ಯಾಪಾರದ ದನಿಯಲ್ಲಿ ಕೇಳಿದ, "ಹಂಗಾರ ಎಕ್ಸ್‌ಪೋರ್ಟಿಗೆ ಹೋಗೂವಂಥವು ಎಷ್ಟ ಬರಬಹುದ್ರಿ?"

೨. ಬಾಗಿಲು ಹಾಕಿದ ಮೇಲೆ

ಅತ್ತೆಗೂ ಎಲ್ಲ ತಿಳಿಯಬೇಕಿತ್ತು. ಹೇಳಿದೆ: ವೀರ್ಯಾಣುಗಳು ಅಂಡಾಣುವನ್ನು ಮುತ್ತುತ್ತವೆ, ತಲೆಯಲ್ಲಿರುವ ರಸದಿಂದ ಅದರ ಹೊದಿಕೆಯನ್ನು ಕರಗಿಸುತ್ತವೆ. ಒಂದು ಒಳಹೊಕ್ಕ ಕೂಡಲೇ ಅಂಡಾಣು ತನ್ನ ಹೊದಿಕೆಯನ್ನು ಗಟ್ಟಿ ಮಾಡಿಕೊಂಡುಬಿಡುತ್ತದೆ. ಆಮೇಲೆ ಬಂದವಕ್ಕೆ ಬಾಗಿಲು ಬಂದ್.

"ಹೊರಗ ಉಳದವು ಏನಾಗ್ತಾವ್ರಿ?"

"ಸಾಯ್ತಾವ್ರಿ."

"ಎಲ್ಲಾ?"

"ಎಲ್ಲಾ."

ಅವರ ಮಾತು ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಇರುವೆ ತುಳಿದೇನೆಂದು ನೆಲ ನೋಡಿ ನಡೆಯುವ ಹೆಂಗಸು. ಸೀದಾ ಬಸದಿಗೆ ಹೋದರು. ಮರುದಿನ ಸೊಸೆ ಒಬ್ಬಳೇ ಇಂಜೆಕ್ಷನ್‌ಗೆ ಬಂದಳು. ಅತ್ತೆ ಎಲ್ಲಿ ಎಂದೆ.

"ಉಪಾಸ ಅದಾರ್ರಿ. ಸಾಯೂ ವೀರ್ಯಾಣುಗಳ ಸಲುವಾಗಿ." ಇಂಜೆಕ್ಷನ್‌ಗೆ ಕೂರುತ್ತ ಹೇಳಿದಳು, "ನಾ ಟೈಫಾಯ್ಡ್ ಆಗಿ ಮಲಗಿದಾಗ ಎರಡೂ ಹೊತ್ತ ಉಂಡಾರ."

೩. ಯಾರ ಪಾಲು ಎಷ್ಟು

ಸೊಸೆಯಿಂದ ತೆಗೆದ ಅಂಡಾಣುಗಳನ್ನು, ಆರಿಸಿಟ್ಟ ವೀರ್ಯಾಣುಗಳ ಜೊತೆ ತಟ್ಟೆಯಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದರೊಳಗೆ ಎರಡು ದುಂಡನೆಯ ಬೀಜಕೇಂದ್ರ, ತಾಯಿಯದೊಂದು, ತಂದೆಯದೊಂದು, ಪಕ್ಕಪಕ್ಕದಲ್ಲಿ. ಗೆದ್ದೆವು ಎಂದು ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆ ಭ್ರೂಣವನ್ನು ಸೊಸೆಯ ಗರ್ಭದಲ್ಲಿ ಇಟ್ಟೆವು. ಗರ್ಭ ನಿಂತದ್ದು ಖಾತ್ರಿಯಾದ ದಿನ, ಅವತ್ತು ತೆಗೆದಿಟ್ಟಿದ್ದ ಅದರ ಫೋಟೋ ಮೂವರಿಗೂ ತೋರಿಸಿದೆ. ಸೊಸೆ ಅತ್ತಳು. ಅತ್ತೆ ಮಾತ್ರ ಮಗನ ಬೆನ್ನು ಚಪ್ಪರಿಸಿ, "ನನ್ನ ಮಗನ ತಾಕತ್ತ ನೋಡ್ರಿ" ಎಂದರು.

ಸೊಸೆ ಕಣ್ಣೊರೆಸಿಕೊಂಡು ಬಾಯಿಬಿಟ್ಟಳು. "ಮೇಡಮ್, ಇದರಾಗ ಯಾರ ಪಾಲು ಎಷ್ಟ, ಹೇಳ್ರಿ."

"ವಂಶದ ಗುಣ ಇಬ್ಬರದೂ ಅರ್ಧರ್ಧ. ಆದ್ರ ಶುರುವಿನಾಗ ಕೂಸಿಗೆ ಬೇಕಾದ ಶಕ್ತಿ, ಆಹಾರ, ಮನಿ, ಎಲ್ಲಾ ನಿಮ್ಮ ಅಂಡಾಣುದ. ಗಂಡಂದು ಹೆಚ್ಚೂ ಕಡಿಮಿ ಬರಿಗೈಲೆ ಬಂದೈತಿ."

"ಇನ್ನೊಮ್ಮಿ ಹೇಳ್ರಿ. ನಮ್ಮ ಅತ್ತಿಗಿ ಕಿವಿ ಮಂದ."

"ನನ್ನ ಕಿವಿ ಚಲೋ ಅದಾವ" ಎಂದರು ಅತ್ತೆ.

"ಹಂಗಾರ ಹೊರಗ ಕುಂತವರಿಗಿ ಕೇಳಸೂಹಂಗ ಹೇಳ್ರಿ."

ಜೋರಾಗಿಯೇ ಹೇಳಿದೆ, ಸಂತೋಷದಿಂದ ಹೇಳಿದೆ. ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಫೋನ್ ತೆಗೆದು ನಿಪ್ಪಾಣಿಗೆ ಹಚ್ಚಿದರು.

"ತಂಗೀ, ಹೆಣ್ಣ ನೋಡೂದ ಬಿಡು. ಇಂವಗ ಇನ್ನೊಬ್ರು ಯಾಕ ಹೆಣ್ಣ ಕೊಡ್ತಾರ? ಇದ್ದಾಕಿನ ಇಂವನ್ನ ಇಟ್ಟಗೊಂಡ್ರ ಸಾಕಾಗೈತಿ."