ಎರಡು ಮಿಕ್ಸಿ, ಒಂದು ಕಪ್ಲರ್

ನಿಂತಿರುವ ಯಂತ್ರವನ್ನು ಕಂಡರೆ ಅದರಿಂದ ಏನಾದರೂ ಕೀಳಬೇಕೆನ್ನಿಸುವುದು ನನ್ನ ವೃತ್ತಿಯ ಚಾಳಿ. ಯುದ್ಧವಿಮಾನ ತಯಾರಿಸುವ ಕಾರ್ಖಾನೆಯೊಂದರ ಬಿಡಿಭಾಗಗಳ ವಿಭಾಗದಲ್ಲಿ ನಾನು ತಲೆಗೂದಲು ಕಳೆದುಕೊಂಡವನು. ಆ ವಿಮಾನದ ಇತಿಹಾಸವೂ ನಮ್ಮ ಸಂಸಾರದ ಇತಿಹಾಸವೂ ಜೊತೆಜೊತೆಗೇ ನಡೆದವು. ನಾನು ಕೆಲಸಕ್ಕೆ ಸೇರಿದಾಗ ಅದು ಕಾಗದದ ಮೇಲಿತ್ತು. ಮದುವೆಯ ಹೊತ್ತಿಗೆ ಮರದ ಮಾದರಿಯಾಗಿ ಎದ್ದು ನಿಂತಿತ್ತು. ಮಗಳು ನಡೆಯಲು ಕಲಿತಾಗ ಅದೂ ರನ್‌ವೇ ಮೇಲೆ ಓಡಾಡುತ್ತಿತ್ತು, ಹಾರುತ್ತಿರಲಿಲ್ಲ. ಅಳಿಯ ಬಂದ ಮೇಲೆ ವಾಯುಪಡೆ ಸೇರಿತು. ಈ ನಡುವೆ ಯಾರು ಕೇಳಿದರೂ ನಾವು ‘ತಡವಾಗಿದೆ’ ಎಂದವರಲ್ಲ. ‘ಅಭಿವೃದ್ಧಿ ಹಂತದಲ್ಲಿದೆ’ ಎನ್ನುತ್ತಿದ್ದೆವು. ಹೊರದೇಶದಿಂದ ಬರಬೇಕಾದ ಭಾಗ ಬರದಿದ್ದರೆ ಹ್ಯಾಂಗರಿನಲ್ಲಿ ನಿಂತ ವಿಮಾನದಿಂದ ಕಿತ್ತು, ಹಾರಬೇಕಾದ್ದಕ್ಕೆ ಹಾಕುವುದು ರೂಢಿ. ಹಾಗೆ ಕೀಳಿಸಿಕೊಳ್ಳುತ್ತಲೇ ನಿಂತುಬಿಟ್ಟ ಒಂದು ವಿಮಾನವನ್ನು ‘ರಾಣಿ’ ಎಂದು ಕರೆಯುತ್ತಿದ್ದೆವು. ಕೂತಲ್ಲಿಂದ ಏಳುತ್ತಿರಲಿಲ್ಲವಲ್ಲ, ಅದಕ್ಕೆ.

ಹೋದ ವಾರ ನಮ್ಮ ಮಿಕ್ಸಿಯ ಕಪ್ಲರ್ ಸವೆದುಹೋಯಿತು. ಜಾರನ್ನು ಹಿಡಿದು ತಿರುಗಿಸುವ ಪುಟ್ಟ ಚಕ್ರ ಅದು. ಕಾಟನ್‌ಪೇಟೆಯ ಅಂಗಡಿಯವನು ಬೆಳಕಿಗೆ ಹಿಡಿದು ನೋಡಿ, “ಸಾರ್, ಈ ಮಾಡೆಲ್ ನಿಂತೋಗಿದೆ. ಹೊಸ ಮಿಕ್ಸಿ ತಗೊಂಬಿಡಿ” ಎಂದ. ಒಂದು ಚಕ್ರ ಸವೆಯಿತೆಂದು ಹೊಸ ವಿಮಾನ ಕೊಂಡವರನ್ನು ನಾನು ಕಂಡಿಲ್ಲ. ಆಗ ಮಹಡಿ ಮನೆಯ ಸರೋಜಮ್ಮನವರ ಮಿಕ್ಸಿ ನೆನಪಾಯಿತು. ಅವರೂ ನನ್ನ ಹೆಂಡತಿ ಪದ್ಮಳೂ ಒಟ್ಟಿಗೆ ಸಂಪಿಗೆ ರಸ್ತೆಗೆ ಹೋಗಿ ಚೌಕಾಸಿ ಮಾಡಿ ತಂದ ಜೋಡಿ ಮಿಕ್ಸಿಗಳು. ಸರೋಜಮ್ಮ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು. ತುಳಸಿಗೆ ನೀರು ಹಾಕಲೆಂದು ಪದ್ಮಳ ಕೈಗೆ ಬೀಗದ ಕೈ ಕೊಟ್ಟಿದ್ದರು. ಅವತ್ತು ನೀರು ಹಾಕಲು ನಾನೇ ಹೋದೆ. ಬರುವಾಗ ಜೇಬಿನಲ್ಲಿ ಕಪ್ಲರ್ ಇತ್ತು.

ಚಟ್ನಿ ನುಣ್ಣಗೆ ಬಂತು. ಕಪ್ಲರ್ ಎಲ್ಲಿ ಸಿಕ್ಕಿತೆಂದು ಪದ್ಮ ಕೇಳಿದಳು. ಹೇಳಿದೆ.

“ಅವ್ರು ನನ್ನ ನಂಬಿ ಕೀ ಕೊಟ್ಟಿದಾರೆ ಕಣ್ರೀ! ಇನ್ಮೇಲೆ ಅವ್ರ ಮುಖ ಹೇಗ್ ನೋಡ್ಲಿ?”

“ನಿಂತಿರೋದ್ರಿಂದ ತಾನೇ ತಗೊಂಡಿದ್ದು? ಅವ್ರು ಬರೋದ್ರೊಳಗೆ ವಾಪಸ್ ಹಾಕ್ತೀನಿ.”

ಅವರು ಮರುದಿನ ಬೆಳಿಗ್ಗೆಯೇ ಬಂದುಬಿಟ್ಟರು. ಪೆಟ್ಟಿಗೆ ಇಳಿಸಿದವರೇ ಕೆಳಗೆ ಬಂದು, “ನಮ್ಮ ಮಿಕ್ಸಿ ಗುರ್ ಅನ್ನುತ್ತೆ, ಜಾರ್ ತಿರುಗಲ್ಲ. ನೀವು ವಿಮಾನದವ್ರಲ್ವಾ, ಸ್ವಲ್ಪ ನೋಡ್ಕೊಡಿ” ಎಂದರು. “ಅಭಿವೃದ್ಧಿ ಹಂತದಲ್ಲಿದೆ” ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಪದ್ಮ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿದ್ದು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಸರೋಜಮ್ಮ, “ಇವ್ರ ಕೈಗೆ ವಿಮಾನ ಬೇರೆ ಕೊಟ್ಟಿದ್ರಾ!” ಎಂದು ನಕ್ಕರು. ಪದ್ಮಳಿಗೆ ಹೋದ ಜೀವ ಬಂತು.

ಈಗ ಎರಡು ಅಡುಗೆಮನೆಗೂ ಅದೊಂದೇ ಕಪ್ಲರ್. ಮೇಲಿನಿಂದ “ಪದ್ಮಾ, ಕಳಿಸಮ್ಮಾ” ಎಂಬ ಕೂಗು ಬಂದರೆ ಅದನ್ನು ತೊಳೆದು ಒರೆಸಿ ಹಿಡಿದು ಮೆಟ್ಟಿಲು ಹತ್ತುವವನು ನಾನು. ಮೊನ್ನೆ ಮಂಡಿ ಹಿಡಿದುಕೊಂಡು ಅರ್ಧದಲ್ಲೇ ನಿಂತೆ. ಪದ್ಮ ಕೆಳಗಿನಿಂದಲೇ ಕೂಗಿದಳು: “ಸರೋಜಮ್ಮಾ, ಅವ್ರನ್ನೂ ಅಲ್ಲೇ ಇಟ್ಕೊಂಬಿಡಿ. ನಿಂತೋದ ಮಾಡೆಲ್ಲು, ಸ್ಪೇರ್‌ಗಾದ್ರೂ ಆಗ್ತಾರೆ.”

ಸರೋಜಮ್ಮ ಬಾಗಿಲಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಬೇಡಮ್ಮಾ, ಕಿತ್ಕೊಳ್ಳೋಕೆ ಇವ್ರಲ್ಲಿ ಏನಿದೆ?” ಎಂದರು.

ಹ್ಯಾಂಗರಿನ ರಾಣಿಗೂ ಯಾರೂ ಹೀಗೆ ಹೇಳಿರಲಿಲ್ಲ.