ಪಾನಾದ ಜಾಗದಲ್ಲಿ ಲಟ್ಟಣಿಗೆ

ಸಿಡಿಲಿಗೆ ಹೆದರುವವರಿದ್ದಾರೆ, ಹಾವಿಗೆ ಹೆದರುವವರಿದ್ದಾರೆ. ನಾನು ತುಕ್ಕು ಹಿಡಿದ ನಟ್ಟಿಗೆ ಹೆದರುತ್ತೇನೆ. ಇಂದಿಗೂ ಎಲ್ಲಿಯಾದರೂ ಹಳೆಯ ಕಬ್ಬಿಣ ಕಿರ್ ಎಂದರೆ ನಾನು ಚಹಾದ ಕಪ್ಪು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅದಕ್ಕೆ ಕಾರಣವಾದ ಆ ಖಂಡೇ ಪೂಜೆಯ, ಅಂದರೆ ಬನ್ನಿ ಹಬ್ಬದ ಮುನ್ನಾದಿನದ ಆಯುಧ ಪೂಜೆಯ, ದಿನ ನಡೆದದ್ದನ್ನು, ನಡೆದ ಕ್ರಮದಲ್ಲೇ, ಏನನ್ನೂ ಸೇರಿಸದೆ ಹೇಳುತ್ತೇನೆ. ನನ್ನ ತಾಯಿಯೂ ಹೆಂಡತಿಯೂ ಎಲ್ಲವನ್ನೂ ಕಂಡಿದ್ದಾರೆ. ಆದರೆ ಅವರು ಹೇಳುವಾಗ ನಡುನಡುವೆ ನಗುತ್ತಾರೆ. ಹಾಗೆ ನಗುವವರ ಸಾಕ್ಷಿಯನ್ನು ಯಾರೂ ನಂಬಬಾರದು.

ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಮನೆಯಂಗಳದಲ್ಲಿ ಒಂದು ಹಳೆಯ ಜೀಪು ಇತ್ತು. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಹೊಲಗಳಲ್ಲಿ ಯೌವನ ಕಳೆದು, ಮುಪ್ಪಿನಲ್ಲಿ ನಮ್ಮ ಮನೆಗೆ ಬಂದದ್ದು. ಅದರ ಹಿಂದಿನ ಬಲಗಾಲಿಯ ಮೇಲಿನ ಕಮಾನು ಪಟ್ಟಿ, ಮೆಕ್ಯಾನಿಕ್ಕರ ಬಾಯಲ್ಲಿ ಪಾಟಾ, ಮುರಿದು ಜೀಪು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡವನಂತೆ ಓಡುತ್ತಿತ್ತು. ಹಿಂದಿನ ದಸರೆಗೆ ಸುರೇಬಾನದ ಮಾವನ ಮನೆಗೆ ಹೊರಟಾಗ ಅದು ಮುರಗೋಡದ ಹತ್ತಿರವೇ ಕುಳಿತುಬಿಟ್ಟಿತು. ನನ್ನ ಹೆಂಡತಿ ಕಸ್ತೂರಿ ರೇಷ್ಮೆ ಸೀರೆಯುಟ್ಟು, ಮೇವಿನ ಟ್ರಾಲಿಯೊಳಗೆ ಕುಳಿತು ತವರಿಗೆ ಹೋದಳು. ಆಕೆಯ ಮುಡಿಯಲ್ಲಿ ಸಿಕ್ಕಿದ್ದ ಹುಲ್ಲುಕಡ್ಡಿಯನ್ನು ನಾನು ಕಂಡಿದ್ದೆ, ಹೇಳುವ ಧೈರ್ಯವಾಗಲಿಲ್ಲ.

ಈ ಸಲ ಆಕೆ ಮೊದಲೇ ಮಾತು ತೆಗೆದುಕೊಂಡಳು. "ಬನ್ನಿ ಹಬ್ಬದ ದಿನಾ ಮಧ್ಯಾಹ್ನದೊಳಗ ಈ ಜೀಪು ನಮ್ಮಪ್ಪನ ಮನಿ ಮುಂದ ನಿಂತಿರಬೇಕ್ರಿ. ಇಲ್ಲಂದ್ರ ಮರುದಿನಾನ ಗುಜರಿ ಅಂವಗ ಕೊಟ್ಟುಬಿಡೂದು." ನಾನು ಹೂಂ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಪಾಟಾ ನಾನೇ ಮನೆಯಲ್ಲಿ ಬದಲಿಸುತ್ತೇನೆ ಎಂದೂ ಹೇಳಿಬಿಟ್ಟೆ. ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತು ನೋಡಿದವನಿಗೆ ಜಗತ್ತಿನ ಎಲ್ಲ ನಟ್ಟುಗಳೂ ಸಡಿಲವಾಗಿಯೇ ಕಾಣುತ್ತವೆ.

ಖಂಡೇ ಪೂಜೆಯ ಹಿಂದಿನ ಸಂಜೆ ಜೀಪನ್ನು ಜಾಕಿನ ಮೇಲೆತ್ತಿ, ಕಲ್ಲು ಕೊಟ್ಟು, ಗಾಲಿ ಬಿಚ್ಚಿದೆ. ಪಾಟಾ ಹಿಡಿದಿದ್ದ ನಾಲ್ಕು ನಟ್ಟುಗಳಲ್ಲಿ ಮೂರು ಗೊಣಗುತ್ತಲೇ ಬಿಟ್ಟುಕೊಟ್ಟವು. ನಾಲ್ಕನೆಯದು ಮಾತ್ರ ತುಕ್ಕು ತಿಂದು ಬೆಲ್ಲದ ಪೆಂಟೆಯಂತಾಗಿತ್ತು. ನಟ್ಟು ಎಲ್ಲಿ ಮುಗಿದು ಬೋಲ್ಟು ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಅದಕ್ಕೆ ಧಾರಾಳವಾಗಿ ಸೀಮೆಎಣ್ಣೆ, ನಮ್ಮ ಕಡೆಯ ಚಿಮಣಿ ಎಣ್ಣೆ, ಕುಡಿಸಿ, ಬೆಳಗ್ಗೆ ನೋಡೋಣವೆಂದು ಮಲಗಿದೆ.

ಬೆಳಗ್ಗೆ ನೋಡಿದರೆ ನಟ್ಟು ತಿರುಗಿಸುವ ಪಾನಾಗಳ, ಅಂದರೆ ಸ್ಪ್ಯಾನರುಗಳ, ಚೀಲ ಬರಿದು. ಅವ್ವ ಅಷ್ಟನ್ನೂ ತೊಳೆದು, ಒರೆಸಿ, ದೇವರ ಮುಂದೆ ಮಣೆಯ ಮೇಲೆ ಸಾಲಾಗಿ ಮಲಗಿಸಿ, ವಿಭೂತಿ ಹಚ್ಚಿದ್ದಳು. ನನಗೆ ಬೇಕಾಗಿದ್ದ ದೊಡ್ಡ ಪಾನಾ ಚೆಂಡುಹೂವಿನ ಮಾಲೆಯಡಿ ನಡುವೆ ವಿರಾಜಮಾನವಾಗಿತ್ತು.

"ಅವ್ವಾ, ಅದೊಂದು ಪಾನಾ ಕೊಡು. ಗಾಡಿ ಬಿಚ್ಚಿಟ್ಟೇನಿ."

"ಮುಟ್ಟಬ್ಯಾಡೋ ತಮ್ಮಾ! ನಾಳೆ ಮುಂಜಾನಿ ಮಂಗಳಾರತಿ ಆಗೂತನಕಾ ಅವು ದೇವರು."

"ಜೀಪಿಗೂ ಪೂಜಿ ಮಾಡಬೇಕಲ್ಲಾ?"

"ಮೂರು ಗಾಲಿ ಗಾಡಿಗೆ ಎಂಥಾ ಪೂಜಿ? ನಾಕನೇದು ಹಚ್ಚು, ಆಮ್ಯಾಲ ಕಾಯಿ ಒಡಿಯೂಣು."

ಪಕ್ಕದ ಹಿಟ್ಟಿನ ಗಿರಣಿಗೆ ಓಡಿದೆ. ಅಲ್ಲಿಯ ಪಾನಾಗಳೂ ಕುಂಕುಮ ಹಚ್ಚಿಕೊಂಡು ಕುಳಿತಿದ್ದವು. ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ಕು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವರ್ಷಕ್ಕೊಮ್ಮೆ ಕಾಣುವ ಸ್ವಚ್ಛ ಉಗುರುಗಳಿಂದ ಎಲ್ಲರಿಗೂ ಪ್ರಸಾದ ಹಂಚುತ್ತಿದ್ದ. "ಪಾನಾ ಇವತ್ತ ಕೇಳಬ್ಯಾಡ್ರಿ ಸಾಹೇಬ್ರ, ಪೇಡೆ ತಗೋರಿ," ಎಂದ. ಇಡೀ ಊರಿನಲ್ಲಿ ಆ ದಿನ ಮನುಷ್ಯನ ಕೈಗೆ ಸಿಗುವ ಪಾನಾ ಒಂದೂ ಇರಲಿಲ್ಲ. ಪೇಡೆ ತಿನ್ನುತ್ತ ಮನೆಗೆ ಬಂದೆ. ಜೀಪಿನ ಪಕ್ಕ ನಿಂತಿದ್ದ ಕಸ್ತೂರಿ, "ಗುಜರಿ ಅಂವ ಮಂದಿ ಮನಿಗೆ ಬರ್ತಾನೋ, ನಾವ ಒಯ್ದು ಮುಟ್ಟಸಬೇಕೋ?" ಎಂದು ಕೇಳಿದಳು.

ಮಧ್ಯಾಹ್ನ ಊಟವಾಗಿ ಅವ್ವ ಅಡ್ಡಾದಳು. ಆಗ ನನಗೊಂದು ಯೋಚನೆ ಹೊಳೆಯಿತು. ಅಡುಗೆಮನೆಯಿಂದ ಲಟ್ಟಣಿಗೆ ತಂದೆ. ಉದ್ದ ಸರಿಯಾಗಿತ್ತು. ಮಾಲೆಯನ್ನು ಮೆಲ್ಲಗೆ ಎತ್ತಿ, ಪಾನಾ ತೆಗೆದು, ಆ ಜಾಗದಲ್ಲಿ ಲಟ್ಟಣಿಗೆ ಮಲಗಿಸಿ, ಅದಕ್ಕೂ ಎರಡು ಬೆರಳು ವಿಭೂತಿ ಹಚ್ಚಿದೆ. ಕೈಮುಗಿಯುವುದನ್ನು ಮರೆಯಲಿಲ್ಲ; ಆದರೆ ಯಾವುದಕ್ಕೆ ಮುಗಿದೆನೋ ಹೇಳಲಾರೆ.

ಜೀಪಿನಡಿ ನುಸುಳಿ, ಪಾನಾ ಕೂಡಿಸಿ, ಅದರ ಹಿಡಿಕೆಗೆ ನೀರಿನ ಹಳೆಯ ಪೈಪು ತೂರಿಸಿ, ಎರಡೂ ಕಾಲು ಗೋಡೆಗೆ ಒದ್ದುಕೊಂಡು ಎಳೆದೆ. ನಟ್ಟು ಕಿರ್ ಎಂದಿತು. ಮತ್ತೆ ಎಳೆದೆ. ಕಟಾರ್! ಮನೆಯ ತೊಲೆ ಮುರಿದಂಥ ಸದ್ದು. ಪೈಪು ಕಿವಿಯ ಪಕ್ಕದಿಂದ ಹಾಯ್ದು ಹೋಯಿತು, ಕಣ್ಣಿನ ತುಂಬ ತುಕ್ಕು ಉದುರಿತು, ಜೀಪು ಕಲ್ಲುಗಳ ಮೇಲೆ ಒಮ್ಮೆ ನಿಟ್ಟುಸಿರು ಬಿಟ್ಟಿತು. ಬದುಕಿದ್ದೇನೆಯೇ ಎಂದು ಕೈಕಾಲು ಮುಟ್ಟಿ ನೋಡಿಕೊಂಡೆ. ನಟ್ಟು ತಿರುಗಿತ್ತು! ಅಷ್ಟರಲ್ಲಿ ಒಳಗಿನಿಂದ ಗಂಟೆಯ ಸದ್ದು ಕೇಳಿಬಂತು. ಎಚ್ಚರಗೊಂಡ ಅವ್ವ ಸಂಜೆಯ ಆರತಿಯನ್ನು ಬೇಗನೇ ಶುರುಮಾಡಿದ್ದಳು. ದೇವರಾಗಬೇಕಿದ್ದ ಪಾನಾ ನನ್ನ ಎದೆಯ ಮೇಲಿತ್ತು.

ಗಂಟೆ ನಿಂತೊಡನೆ ಕಸ್ತೂರಿಯ ದನಿ: "ಅತ್ತೀ, ಲಟ್ಟಣಿಗಿ ಎಲ್ಲೈತ್ರಿ? ಅಪ್ಪಗ ಒಯ್ಯೂ ಹೋಳಿಗಿ ಮಾಡಬೇಕು, ಹೂರಣಾ ಆಗೇತಿ." ಡಬ್ಬಿಗಳು ಸರಿದ ಸದ್ದಾಯಿತು. ಪಾತ್ರೆಗಳು ಬಿದ್ದ ಸದ್ದಾಯಿತು. ಆಮೇಲೆ ಅವ್ವನ ಹೆಜ್ಜೆಯ ಸದ್ದು ದೇವರ ಮಣೆಯತ್ತ ಹೋಯಿತು. ಮಾಲೆ ಎತ್ತಿ ನೋಡಿರಬೇಕು.

ನಾನು ಪಾನಾ ಹಿಡಿದು ಬಾಗಿಲಲ್ಲಿ ನಿಂತೆ. ಅವ್ವ ಪಾನಾ ನೋಡಿದಳು, ಲಟ್ಟಣಿಗೆ ನೋಡಿದಳು, ತುಕ್ಕಿನಿಂದ ಕೆಂಪಾದ ನನ್ನ ಮುಖ ನೋಡಿದಳು. "ಆರತಿ ಆತು. ಇನ್ನ ಲಟ್ಟಣಿಗಿ ದೇವರು, ನಾಳೆತನಕಾ ಮುಟ್ಟಂಗಿಲ್ಲ. ನಿನ್ನ ಪಾನಾ ಬರೇ ಕಬ್ಬಣ. ಹೋಗು, ಗಾಲಿ ಹಚ್ಚು."

"ಹೋಳಿಗಿ ಹೆಂಗ್ ಲಟ್ಟಿಸಲ್ರಿ ಅತ್ತೀ?" ಎಂದಳು ಕಸ್ತೂರಿ.

"ಬಾಜೂ ಮನ್ಯಾಗಿಂದ ತರ್ತೇನಿ," ಎಂದೆ.

"ಹಬ್ಬದಾಗ ಲಟ್ಟಣಿಗಿ ಯಾರ್ ಕೊಡ್ತಾರೋ ತಮ್ಮಾ? ಯಾರು ದೇವರ ಮಾಡ್ಯಾರೋ ಅವರ ಕೈಲೆ ತಟ್ಟಲಿ."

ಹೊಸ ಪಾಟಾ ಕೂಡಿಸಿ, ಗಾಲಿ ಹಚ್ಚಿ, ಕೈಗಳನ್ನು ಬೂದಿಯಿಂದಲೂ ಸೋಪಿನಿಂದಲೂ ತಿಕ್ಕಿ ತೊಳೆದು ಒಲೆಯ ಮುಂದೆ ಕುಳಿತೆ. ನನ್ನ ಹೋಳಿಗೆಗಳು ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ನಕಾಶೆಗಳಂತೆ ಬಂದವು. ಮರುದಿನ ಮಧ್ಯಾಹ್ನದೊಳಗೆ ಜೀಪು ಸುರೇಬಾನದ ಮಾವನ ಮನೆ ಮುಂದೆ ನೆಟ್ಟಗೆ, ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿತು. ಮಾವನವರು ಹೋಳಿಗೆಯ ಒಂದು ತುತ್ತು ತಿಂದು ಮಗಳ ಕಡೆ ತಿರುಗಿದರು. "ಹೋಳಿಗಿ ಚಲೋ ಆಗೇತಿ ಮಗಳ. ಒಂದೀಟು ಚಿಮಣಿ ಎಣ್ಣಿ ವಾಸನಿ ಬರತೈತಿ."

"ಅಳಿಯಂದಿರ ಕೈಗುಣಾರೀ ಅಪ್ಪಾ," ಎಂದಳು ಮಗಳು.

ಜೀಪು ಆಮೇಲೆ ಕೆಲವು ವರ್ಷ ಓಡಿ, ಕೊನೆಗೆ ಗುಜರಿಗೇ ಹೋಯಿತು. ಪಾನಾಗಳೂ ಅದರ ಜೊತೆಗೆ ಹೋದವು. ಆದರೆ ಒಮ್ಮೆ ಆರತಿ ಕಂಡದ್ದನ್ನು ಅವ್ವ ಮಣೆಯಿಂದ ಕೆಳಗಿಳಿಸಲಿಲ್ಲ. ಈಗ ಪ್ರತಿ ಖಂಡೇ ಪೂಜೆಗೆ ಚೆಂಡುಹೂವಿನ ಮಾಲೆಯಡಿ ಲಟ್ಟಣಿಗೆಯೊಂದೇ ಮಲಗುತ್ತದೆ, ನಾನು ಒಲೆಯ ಮುಂದೆ ಕೂರುತ್ತೇನೆ. ಕಣಕ ಮುಟ್ಟುವ ಮೊದಲು ಕಸ್ತೂರಿ ನನ್ನ ಅಂಗೈಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ಮೂಸಿ ನೋಡುತ್ತಾಳೆ.