ಕಾರವಾರಕ್ಕೆ ಹೊರಟ ಮೂರು ಸೈಕಲ್ಲು

ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಇಲಿಯಾಸ ಒಂದು ಸಂಜೆ ಗಲ್ಲೆಪೆಟ್ಟಿಗೆಯ ಮೇಲೆ ಕೈ ಕುಟ್ಟಿ ಸಾರಿದ: "ಗದಗ ಜಿಲ್ಲಾ ಆಗಿ ಇಪ್ಪತ್ತು ವರ್ಷ ದಾಟಿತು. ಹೆಂಡ್ತಿ ಮಗಳನ್ನ ಕರಕೊಂಡು ಸೈಕಲ್ ಮ್ಯಾಲೆ ಸಮುದ್ರಕ್ಕ ಹೋದ ಗಂಡಸು ಒಬ್ಬಾದ್ರೂ ಅದಾನೇನು? ಐದನೇ ದಿನಕ್ಕ ಕಾರವಾರದ ನೀರಾಗ ಗಾಲಿ ತೊಳೀತೀನಿ, ನೋಡ್ರಿ!"

ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಹನ್ನೆರಡು ವರ್ಷದ ಮಗಳು ಅಫ್ರೀನ ಕುಣಿದಾಡಿದಳು. ಹೆಂಡತಿ ಶಾಹಿಸ್ತಾ ಮಾತ್ರ ಕೇಳಿದಳು: "ಸ್ಕೂಟರ್ ಐತಿ, ಬಸ್ ಅದಾವು. ಕಾಲಿಗೆ ಯಾಕ್ರಿ ಈ ಸಜಾ?"

"ನಿನಗ ತಿಳಿಯಂಗಿಲ್ಲ ಬಿಡು. ದೊಡ್ಡ ಊರಾಗ ಕಾರ್ ಇದ್ದವರೆಲ್ಲ ಈಗ ಸೈಕಲ್ ಹೊಡೀತಾರ. ಇದು ಶ್ರೀಮಂತರ ಶೋಕಿ!"

ಇಲಿಯಾಸ ವ್ಯಾಪಾರಿ, ಮುಂದಾಲೋಚನೆಯಿಲ್ಲದೆ ಮೂಗನ್ನೂ ಒರೆಸಿಕೊಳ್ಳುವವನಲ್ಲ. ದಾರಿಯಲ್ಲಿ ಕಳ್ಳಕಾಕರ ಭಯವೆಂದು ಹೆಂಡತಿಯ ಸರ, ಬಳೆ, ಮಗಳ ಝುಮಕಿ, ತನ್ನ ಉಂಗುರ, ಎಲ್ಲವನ್ನೂ ಬಿಚ್ಚಿಸಿ ತಿಜೋರಿಯೊಳಗಿಟ್ಟ. ಅಂಗಡಿಗೂ ಬೀಗ ಜಡಿದ. ಲಾಡ್ಜಿನ ಖರ್ಚು ಉಳಿಯಲೆಂದು ಮೊದಲೆರಡು ದಿನದ ವಸ್ತಿಯನ್ನು ನಂಟರ ಮನೆಯಲ್ಲೇ ಇಟ್ಟುಕೊಂಡ. ಯಾರಿಗೂ ಮುಂಚೆ ಹೇಳಲಿಲ್ಲ. ಹೇಳದೆ ಹೋದರೇ ಮಜಾ ಅಂತೆ!

ಮೊದಲ ದಿನ ಶಿರಹಟ್ಟಿ. ಶಾಹಿಸ್ತಾಳ ಚಿಕ್ಕಮ್ಮ ರಸೂಲಬಿ ಬಾಗಿಲು ತೆರೆದಳು. ಧೂಳು ಮೆತ್ತಿದ ಮೂವರು, ಮೂರು ಸೈಕಲ್ಲು, ಹಿಂದೆ ಕಟ್ಟಿದ ಗಂಟು. ಮುದುಕಿಯ ಕಣ್ಣು ಶಾಹಿಸ್ತಾಳ ಬೋಳು ಕೊರಳಿಗೆ ಹೋಯಿತು, ಬೋಳು ಕೈಗೆ ಇಳಿಯಿತು, ಇಲಿಯಾಸನ ಉಂಗುರವಿಲ್ಲದ ಬೆರಳಿನ ಮೇಲೆ ಬಂದು ನಿಂತಿತು.

"ಸ್ಕೂಟರ್ ಎಲ್ಲಿ ಬೇಟಾ?"

"ಅದನ್ಯಾರು ಹತ್ತತಾರ ಖಾಲಾ? ಈಗ ಎಲ್ಲಾ ಸೈಕಲ್ಲ!"

"ಅಂಗಡಿ?"

"ಮುಚ್ಚೀನಿ." ಇಲಿಯಾಸ ಹಲ್ಲು ಕಿರಿದ.

"ಬಂಗಾರ?"

"ಮನ್ಯಾಗ ಭದ್ರ ಐತಿ."

"ಎಲ್ಲಾರೂ ಹಂಗ ಹೇಳೂದು ಬೇಟಾ," ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೋಳಿ ಕೊಯ್ಸಿದಳು. ಬಡಿಸುವಾಗ ನಾಲ್ಕು ಸಲ, "ಹೊಟ್ಟಿ ತುಂಬ ಉಣ್ಣು, ನಾಚಿಕೋಬ್ಯಾಡ" ಅಂದಳು. "ನೋಡಿದೇನ ನನಗೆಷ್ಟು ಮರ್ಯಾದಿ!" ಎಂದು ಇಲಿಯಾಸ ಹೆಂಡತಿಯ ಮುಂದೆ ಎದೆಯುಬ್ಬಿಸಿದ. ಬೆಳಿಗ್ಗೆ ಮುದುಕಿ ಹತ್ತು ಸೇರು ಜೋಳ ಸೈಕಲ್ಲಿಗೆ ಕಟ್ಟಿಸಿದಳು. ಬೇಡವೆಂದರೆ ಅಳುತ್ತಾಳೆ. ಕಟ್ಟಿಸಿಕೊಂಡರು.

ಎರಡನೇ ದಿನ ಸೈಕಲ್ಲು ಲಕ್ಷ್ಮೇಶ್ವರ ಮುಟ್ಟುವ ಮೊದಲೇ ಮುದುಕಿಯ ಖಬರು ಫೋನಿನಲ್ಲಿ ಮುಟ್ಟಿತ್ತು. ಅದಕ್ಕೇನು, ಏರಿಲ್ಲ, ಎದುರುಗಾಳಿಯಿಲ್ಲ, ಜೋಳದ ಚೀಲವೂ ಇಲ್ಲ. ಇಲಿಯಾಸನ ಅಕ್ಕ ಸುಗ್ರಾಬಿ ಓಣಿಯ ತುದಿಗೇ ಓಡಿ ಬಂದು ತಮ್ಮನನ್ನು ತಬ್ಬಿಕೊಂಡಳು.

"ಲೇ, ನಿನ್ನ ಪಾಲಿಗೆ ಅಕ್ಕ ಸತ್ತಿದ್ಲೇನೋ? ಒಂದು ಮಾತು ಹೇಳಬಾರದಿತ್ತೇನು?"

"ಏನು ಹೇಳೂದು ಆಪಾ? ನಾವು ಮೂರೂ ಮಂದಿ ಸಮುದ್ರಕ್ಕ ಹೊಂಟೇವಿ!"

ಸುಗ್ರಾಬಿ ಎದೆ ಹಿಡಿದುಕೊಂಡು ಅಲ್ಲೇ ಕುಸಿದಳು. "ಯಾ ಅಲ್ಲಾ! ಕೂಸನ್ನೂ ಕರಕೊಂಡು!"

ಇಲಿಯಾಸನಿಗೆ ಆಗ ತಿಳಿಯಿತು, ಇವರೆಲ್ಲರ ಕಣ್ಣಿಗೆ ತಾನು ದಿವಾಳಿಯೆದ್ದು ನೀರಿಗೆ ಬೀಳಲು ಹೊರಟವನೆಂದು. ತಿಜೋರಿಯ ಕಥೆ ಹೇಳಿದ, ಶೋಕಿಯ ಕಥೆ ಹೇಳಿದ. ಬಿಡಿಸಿದಷ್ಟೂ ಗಂಟು ಬಿಗಿಯಿತು. ಅಕ್ಕನ ಗಂಡ ಮರ್ದಾನಸಾಬ ಎದ್ದು ಮೂರೂ ಸೈಕಲ್ಲಿನ ಗಾಳಿ ಬಿಟ್ಟು, ಪಂಪನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ. "ಜೀವ ಉಳಿದ್ರ ಮತ್ತ ಗಳಿಸಬಹುದು ಇಲಿಯಾಸ!"

ಅಷ್ಟರಲ್ಲಿ ಪಕ್ಕದಂಗಡಿಯ ಹೇಮಪ್ಪನ ಫೋನು. "ಇಲಿಯಾಸಭಾಯಿ, ಸೀರಿ ಬಾಕಿ ಬರಬೇಕಾದ ನೇಕಾರ ಮಂದಿ ನಿನ್ನ ಅಂಗಡಿ ಮುಂದ ನಿಂತಾರ. ಓಡಿ ಹೋಗೀದಿ ಅನ್ನಾಕತ್ತಾರ. ನಾ ಹಂಗೇನಿಲ್ಲ ಅಂದೆ." ಮತ್ತೆ ತಾನೇ ಕೇಳಿದ: "ಹಂಗೇನಿಲ್ಲ, ಹೌದಲ್ಲ?"

ತಂದೆಯ ಕಾಲದಿಂದ ಕಟ್ಟಿದ ಹೆಸರು! ಮಗಳಿಗೆ ಕೊಟ್ಟ ಮಾತು ಒಂದು ಕಡೆ, ಬಜಾರಿನ ನಂಬಿಕೆ ಒಂದು ಕಡೆ. ಇಲಿಯಾಸ ಅಫ್ರೀನಳ ಮುಖ ನೋಡಲಿಲ್ಲ. ಬಾವನ ಟೆಂಪೋ ಹತ್ತಿದ. ಅದರಲ್ಲಿ ಗಾಳಿಯಿಲ್ಲದ ಮೂರು ಸೈಕಲ್ಲು, ಜೋಳ, ಮೇಲೆ ಸುಗ್ರಾಬಿ ಹೇರಿದ ಎರಡು ಕೌದಿ, ನಾಲ್ಕು ಭಾಂಡೆ ಪಾತ್ರೆ. ಆ ಮೆರವಣಿಗೆ ಬೆಟಗೇರಿ ಬಜಾರಿನೊಳಗೆ ಬಂದಾಗ, ನಂಬದೇ ಇದ್ದವರೂ ನಂಬಿದರು.

ಮರುದಿನ ಬೆಳಿಗ್ಗೆಯೇ ಅಂಗಡಿ ತೆರೆಯಿತು. ತಿಜೋರಿಯಲ್ಲಿದ್ದದ್ದನ್ನೆಲ್ಲ ಹೇರಿಕೊಂಡು ಶಾಹಿಸ್ತಾ ಗಾದಿಯ ಮೇಲೆ.

"ನನ್ನ ಲಗ್ನದಾಗೂ ಇಷ್ಟು ಹಾಕಿರಲಿಲ್ರಿ. ಕುತ್ತಿಗಿ ನೋಯಾಕತ್ತೈತಿ."

"ಸುಮ್ನ ಕುಂಡ್ರು. ಬಜಾರದ ಕಣ್ಣಿಗೆ ಬೀಳಲಿ."

ಬಿತ್ತು. ನೇಕಾರರು ನೋಡಿ, ತಲೆಯಾಡಿಸಿ ಹೋದರು. ಇಲಿಯಾಸನ ಎದೆ ಮತ್ತೆ ಉಬ್ಬುವುದರೊಳಗೆ ಶಿರಹಟ್ಟಿಯ ಹಳೆಯ ಗಿರಾಕಿ ಕರೆವ್ವ ಬಂದಳು. ಸೀರೆ ಬಿಟ್ಟು ಶಾಹಿಸ್ತಾಳ ಕೊರಳನ್ನೇ ನೋಡಿದಳು. ಬಳಿಗೆ ಸರಿದು, ದನಿ ತಗ್ಗಿಸಿ ಕೇಳಿದಳು: "ಯಾರದು ಇಸಗೊಂಡಿಯವ್ವಾ? ಚಂದ ಒಪ್ಪತಾವು. ಹುಷಾರಿಲೆ ತಿರುಗಿ ಮುಟ್ಟಿಸು."

ಇಲಿಯಾಸ ಬಾಯಿ ತೆರೆದ. ಅಷ್ಟರಲ್ಲಿ ಬಂತು ಒಳಗಿನಿಂದ ಅಫ್ರೀನಳ ದನಿ: "ಅಬ್ಬಾ, ಇನ್ನೊಮ್ಮೆ ಹೋಗೂಣು, ಈ ಸಲ ಬಸ್ಸಿನಾಗ!"

ಕರೆವ್ವ ಕೈಲಿದ್ದ ಸೀರೆ ಕೆಳಗಿಟ್ಟಳು.

"ಅಯ್ಯ ಶಿವನ! ಸೈಕಲ್ಲೂ ಹೋದುವೇನ್ರಿ ಸಾವಕಾರ್ರ?"